ಬೀಟೆ ನಮ್ಮದು, ಗಿಟಾರ್ ಯಾರದು?

ಎಲೆಕ್ಟ್ರಿಕ್ ಗಿಟಾರ್ ಕೊಳ್ಳಲು ಹೊರಟವರು ಅದರ ವಿವರಪಟ್ಟಿಯಲ್ಲಿ 'ಇಂಡಿಯನ್ ರೋಸ್‌ವುಡ್ ಫ್ರೆಟ್‌ಬೋರ್ಡ್' ಎಂಬ ಸಾಲನ್ನು ಓದಿರುತ್ತೀರಿ. ತಂತಿಯ ಕೆಳಗೆ ಬೆರಳು ಓಡಾಡುವ ಆ ಕಪ್ಪುಗಂದು ಪಟ್ಟಿ ಬೇರೇನಲ್ಲ, ನಮ್ಮ ಮಲೆನಾಡಿನಲ್ಲೂ ಬೆಳೆಯುವ ಬೀಟೆ ಮರ. ಆದರೆ ಶಿಕಾರಿಪುರ ತಾಲ್ಲೂಕಿನ ಅಂಜನಾಪುರದಲ್ಲಿ ಕುಳಿತು ನಾನು ಗಿಟಾರ್‌ಗೆ ಒಂದು ಒಳ್ಳೆಯ ಪಟ್ಟಿ ಹಾಕಿಸಬೇಕೆಂದರೆ ಅದನ್ನು ಆನ್‌ಲೈನ್‌ನಲ್ಲಿ ವಿದೇಶದಿಂದ ತರಿಸಬೇಕು! ಕಳೆದ ಹತ್ತು ಹದಿನೈದು ವರ್ಷಗಳ ಸುದ್ದಿಯನ್ನು ನೋಡಿದರೆ ಈ ವಿಚಿತ್ರಕ್ಕೆ ಕಾರಣ ತಿಳಿಯುತ್ತದೆ.

2011ರ ಆಗಸ್ಟ್‌ನಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಗಿಟಾರ್ ಕಂಪನಿಯ ಮೇಲೆ ದಾಳಿ ಮಾಡಿ, ಭಾರತದಿಂದ ಬಂದ ಬೀಟೆ ಮತ್ತು ಕರಿಮರದ ಪಟ್ಟಿಗಳನ್ನು ವಶಪಡಿಸಿಕೊಂಡರು. ಬೇರೆ ದೇಶದ ಅರಣ್ಯ ಅಥವಾ ರಫ್ತು ಕಾನೂನು ಮುರಿದು ಬಂದ ಮರವನ್ನು ಕೊಳ್ಳುವುದೂ ಅಲ್ಲಿನ ಲೇಸಿ ಕಾಯ್ದೆಯಡಿ ಅಪರಾಧ. ಭಾರತದಿಂದ ಬರೀ ಕೊಯ್ದ ಮರವನ್ನು ರಫ್ತು ಮಾಡುವಂತಿಲ್ಲ. ಹಾಗಾದರೆ ಆ ಪಟ್ಟಿ ಕೊಯ್ದ ಮರವೋ, ಗಿಟಾರ್‌ನ ಬಿಡಿಭಾಗವೋ? ಜಗಳವೆಲ್ಲ ಇಷ್ಟೇ. 2012ರಲ್ಲಿ ಗಿಬ್ಸನ್ 3 ಲಕ್ಷ ಡಾಲರ್ ದಂಡ ಕಟ್ಟಿ ರಾಜಿ ಮಾಡಿಕೊಂಡಿತು. ಅದು ಮುಖ್ಯವಾಗಿ ಮಡಗಾಸ್ಕರ್‌ನಿಂದ ತಂದ ಕರಿಮರದ ವಿಚಾರವಾಗಿತ್ತು. ಭಾರತದ ಪಟ್ಟಿಗಳ ಮಟ್ಟಿಗೆ ನಿಯಮವೇ ಸ್ಪಷ್ಟವಿಲ್ಲ ಎಂಬಲ್ಲಿಗೆ ಮಾತು ನಿಂತಿತು.

ಆಮೇಲೆ ಬಂದದ್ದು ಸೈಟೀಸ್. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಿದು. 2016ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಸೇರಿದ ಸಮ್ಮೇಳನ ಬೀಟೆಯ ಇಡೀ ಕುಲವನ್ನೇ ಎರಡನೇ ಅನುಬಂಧಕ್ಕೆ ಸೇರಿಸಿತು. 2017ರ ಜನವರಿಯಿಂದ ಅದು ಜಾರಿಗೆ ಬಂತು. ಕಾರಣ ಗಿಟಾರ್ ಅಲ್ಲ, ಚೀನಾದಲ್ಲಿ ರೋಸ್‌ವುಡ್ ಪೀಠೋಪಕರಣಕ್ಕಿದ್ದ ಹಸಿವು. ಆದರೆ ಪೆಟ್ಟು ಗಿಟಾರ್‌ಗೂ ಬಿತ್ತು. ಫೆಂಡರ್ ಕಂಪನಿ ಮೆಕ್ಸಿಕೊದಲ್ಲಿ ತಯಾರಾಗುವ ಮಾದರಿಗಳಲ್ಲಿ ಬೀಟೆ ಬಿಟ್ಟು ದಕ್ಷಿಣ ಅಮೆರಿಕದ ಪಾವ್ ಫೆರೋ ಮರಕ್ಕೆ ಹೋಯಿತು. 2019ರಲ್ಲಿ ಜಿನೀವಾ ಸಮ್ಮೇಳನ ನಿಯಮವನ್ನು ಸಡಿಲಿಸಿ, ಸಿದ್ಧ ಸಂಗೀತ ವಾದ್ಯ, ಅದರ ಸಿದ್ಧ ಬಿಡಿಭಾಗ ಮತ್ತು ಪರಿಕರಗಳಿಗೆ ವಿನಾಯಿತಿ ಕೊಟ್ಟಿತು.

'ಸಿದ್ಧ' ಎಂಬ ಪದದ ಮೇಲೆ ನಿರುದ್ಯೋಗಿ ಮಿತ್ರರು ಸ್ವಲ್ಪ ಗಮನ ಇಡಬೇಕು. ಮರದ ದಿಮ್ಮಿಗೆ ಪರವಾನಗಿ ಬೇಕು, ಅರೆಬರೆ ಪಟ್ಟಿಗೆ ತಕರಾರು, ಕೆಲಸ ಮುಗಿದ ಬಿಡಿಭಾಗಕ್ಕೆ ಸೈಟೀಸ್‌ನ ಅಡ್ಡಿ ಇಲ್ಲ. ಅಂದರೆ ಕಾನೂನೇ ಹೇಳುತ್ತಿದೆ: ಮರ ಮಾರಬೇಡಿ, ಕೆಲಸ ಮಾರಿ. ನಾವು ಆ ಕೆಲಸವನ್ನೇ ಕಲಿತಿಲ್ಲ.

ಕೆಲಸ ಎಂದರೆ ಏನು? ನಾನು ಮೆಕ್ಯಾನಿಕಲ್ ವಿದ್ಯಾರ್ಥಿ, ಆ ಕಣ್ಣಿನಿಂದಲೇ ಹೇಳುತ್ತೇನೆ. ಸ್ಟ್ರಾಟೊಕಾಸ್ಟರ್ ಮಾದರಿಯ ಗಿಟಾರ್‌ನಲ್ಲಿ ನುಡಿಯುವ ತಂತಿಯ ಉದ್ದ 648 ಮಿ.ಮೀ. ಅದನ್ನು 17.817ರಿಂದ ಭಾಗಿಸಿದರೆ ಮೊದಲ ಮೆಟ್ಟಿಲಿನ ಜಾಗ ಸಿಗುತ್ತದೆ, 36.4 ಮಿ.ಮೀ. ಉಳಿದ ಉದ್ದವನ್ನು ಮತ್ತೆ ಅದರಿಂದಲೇ ಭಾಗಿಸುತ್ತಾ ಹೋಗಬೇಕು. ಅರ್ಧ ಮಿ.ಮೀ. ತಪ್ಪಿದರೂ ಶ್ರುತಿ ಕೆಡುತ್ತದೆ. ಹನ್ನೆರಡನೇ ಮೆಟ್ಟಿಲ ಬಳಿ ತಂತಿ ಒಂದೂವರೆಯಿಂದ ಎರಡು ಮಿ.ಮೀ. ಎತ್ತರದಲ್ಲಿದ್ದರೆ ಬೆರಳಿಗೆ ಹಿತ. ಕತ್ತು ತೀರಾ ನೇರವಾಗಿರದೆ ಕಾಲು ಮಿ.ಮೀ.ನಷ್ಟು ಬಾಗಿರಬೇಕು. ಅದನ್ನು ಕತ್ತಿನೊಳಗಿನ ಕಬ್ಬಿಣದ ಸರಳನ್ನು ಅಲೆನ್ ಕೀಯಿಂದ ತಿರುಗಿಸಿ ಹೊಂದಿಸುತ್ತೇವೆ. ಮಳೆಗಾಲದಲ್ಲಿ ಮರ ಉಬ್ಬಿ, ಬೇಸಿಗೆಯಲ್ಲಿ ಕುಗ್ಗುವ ನಮ್ಮ ಕಡೆ ಇದನ್ನು ವರ್ಷಕ್ಕೆ ಎರಡು ಸಲವಾದರೂ ಮಾಡಬೇಕು. ಅಗ್ಗದ ಗಿಟಾರ್ ಕೊಂಡು 'ನನಗೆ ಬೆರಳೇ ಕೂರುವುದಿಲ್ಲ' ಎಂದು ಮೂಲೆಗಿಟ್ಟವರಲ್ಲಿ ಅರ್ಧದಷ್ಟು ಮಂದಿಗೆ ತೊಂದರೆ ಬೆರಳಿನದಲ್ಲ, ಈ ಕಾಲು ಮಿ.ಮೀ.ನದು ಎಂಬುದು ನನ್ನ ಅನುಮಾನ.

ಅಂದಕ್ಕಾಗಿ ಮಾಡುವ ಬದಲಾವಣೆ ಸುಲಭ. ಗಿಟಾರ್‌ನ ಎದೆಯ ಮೇಲಿನ ಪ್ಲಾಸ್ಟಿಕ್ ತಗಡನ್ನು ತೆಗೆದು, ನಂಬರ್ ಪ್ಲೇಟ್ ಬರೆಯುವ ಅಂಗಡಿಯಲ್ಲಿ ಅಕ್ರಿಲಿಕ್ ಕತ್ತರಿಸಿಕೊಂಡು ಹಾಕಬಹುದು. ಸನ್‌ಮೈಕ ಹಾಕಿದವರನ್ನೂ ನೋಡಿದ್ದೇನೆ, ಕೆಟ್ಟದಾಗಿರಲಿಲ್ಲ. ತಂತಿ ಹಾದುಹೋಗುವ ಪ್ಲಾಸ್ಟಿಕ್ ನಟ್ ಬದಲು ಹಿತ್ತಾಳೆಯದನ್ನು ಲೇತ್ ಅಂಗಡಿಯವರು ಮಾಡಿಕೊಡುತ್ತಾರೆ. ಹಳ್ಳಿಮನೆಗಳಲ್ಲಿ ಅರ್ಥಿಂಗ್ ಸರಿಯಿಲ್ಲದೆ ಆಂಪ್ಲಿಫೈಯರ್ 'ಗುಂಯ್' ಎನ್ನುವುದಕ್ಕೆ ಪಿಕಪ್‌ನ ಗುಳಿಗೆ ತಾಮ್ರದ ಹಾಳೆ ಅಂಟಿಸಿದರೆ ಸ್ವಲ್ಪ ಶಾಂತಿ. ಆದರೆ ಬಿರಡೆ, ಕುದುರೆ, ಪಿಕಪ್ ಮೂರೂ ಹೊರಗಿನಿಂದಲೇ ಬರಬೇಕು.

ಗಿಟಾರ್ ನಮ್ಮ ವಾದ್ಯವಲ್ಲ, ಇದಕ್ಕೇಕೆ ಇಷ್ಟು ತಲೆಕೆಡಿಸಿಕೊಳ್ಳಬೇಕು ಎನ್ನುವವರಿದ್ದಾರೆ. ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಕೇಳಿ ಬೆಳೆದ ನಾಡಿನಲ್ಲಿ ಈ ಮಾತಿಗೆ ಉತ್ತರ ಬೇಕಿಲ್ಲ. ಆದರೂ ಒಂದು ಉದಾಹರಣೆ ಕೊಡುತ್ತೇನೆ. ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ 1970ರ ದಶಕದಲ್ಲಿ ಎಲ್. ಶಂಕರ್, ಜಾಕಿರ್ ಹುಸೇನ್, ಘಟಂ ವಿನಾಯಕರಾಂ ಜೊತೆ 'ಶಕ್ತಿ' ತಂಡ ಕಟ್ಟಿದರು. ಅವರು ವೀಣೆಯನ್ನೂ ಕಲಿತಿದ್ದರು. ಶಕ್ತಿಗಾಗಿ ಮಾಡಿಸಿದ ಅವರ ಗಿಟಾರ್‌ನಲ್ಲಿ ಮೆಟ್ಟಿಲುಗಳ ನಡುವಿನ ಮರವನ್ನು ದೋಣಿಯಂತೆ ಕೆತ್ತಲಾಗಿತ್ತು. ಬೆರಳು ಮರಕ್ಕೆ ತಾಗದೆ ತಂತಿಯನ್ನಷ್ಟೇ ಒತ್ತಿ ಎಳೆಯುವುದರಿಂದ ಗಮಕ ಸಲೀಸು. ವೀಣೆಯಲ್ಲಿ ಮೇಣದ ಮೇಲೆ ಎತ್ತರವಾಗಿ ಕೂತ ಮೆಟ್ಟಿಲುಗಳು ಮಾಡುವುದೂ ಇದನ್ನೇ. ಅದೇ ಹೆಸರಿನ ತಂಡಕ್ಕೆ 2024ರಲ್ಲಿ ಗ್ರ್ಯಾಮಿ ಬಂದಾಗ ನಾವೆಲ್ಲ ಸ್ಟೇಟಸ್ ಹಾಕಿಕೊಂಡೆವು. ಆ ಕೆತ್ತನೆಯ ಬಗ್ಗೆ ಯಾರೂ ಮಾತಾಡಲಿಲ್ಲ.

ಕೆತ್ತನೆ ಎಂದರೆ ನಮ್ಮ ನೆರೆಯ ಸೊರಬ, ಸಾಗರದ ಗುಡಿಗಾರರಿಗಿಂತ ಬಲ್ಲವರು ಯಾರು? ಗಂಧದ ತುಂಡಿನ ಮೇಲೆ ಎಲೆ, ಬಳ್ಳಿ, ಹಕ್ಕಿ ಬಿಡಿಸುವ ಕೈಗಳಿವು. ಗಂಧ ದುಬಾರಿಯಾದ ಮೇಲೆ ಶಿವನೆಯಂಥ ಮರದಲ್ಲಿ ಕೆಲಸ ಮುಂದುವರಿದಿದೆ. ಮೆಟ್ಟಿಲ ನಡುವೆ ದೋಣಿ ಕೆತ್ತುವುದು, ಪಟ್ಟಿಯಲ್ಲಿ ಚಿಪ್ಪಿನ ಚುಕ್ಕಿ ಕೂರಿಸುವುದು ಇವರಿಗೆ ಕಷ್ಟವಾಗಲಾರದು. ಇವರಿಗೆ ಬೇಕಿರುವುದು ಮಿ.ಮೀ.ನ ಹತ್ತನೇ ಒಂದು ಭಾಗದ ಅಳತೆ. ಅದು ನಮ್ಮಂಥ ವಿದ್ಯಾರ್ಥಿಗಳ ಬಳಿ ಇದೆ, ಲ್ಯಾಬ್‌ನ ಕಪಾಟಿನಲ್ಲಿ ವರ್ನಿಯರ್, ಫೀಲರ್ ಗೇಜ್ ರೂಪದಲ್ಲಿ ಬೀಗ ಹಾಕಿಸಿಕೊಂಡು ಕುಳಿತಿದೆ. ನಾಲ್ಕನೇ ವರ್ಷದ ಪ್ರಾಜೆಕ್ಟ್‌ಗೆ ಯಾರೋ ಮಾಡಿದ ಮಾದರಿಯನ್ನು ದುಡ್ಡು ಕೊಟ್ಟು ತರುವ ಬದಲು ಗುಡಿಗಾರರ ಮನೆಗೆ ಹೋಗಬಹುದಲ್ಲ ಎಂದು ತರಗತಿಯಲ್ಲಿ ಹೇಳಿದೆ. ನಕ್ಕರು. ಇಬ್ಬರು ಮಾತ್ರ ನಗಲಿಲ್ಲ, ಈಗ ನಾವು ಮೂವರಿದ್ದೇವೆ.

ಇದನ್ನು ಓದಿ ಯಾರೂ ಕಾಡಿಗೆ ಕೊಡಲಿ ಹಿಡಿದು ಹೋಗಬಾರದು. ಬೀಟೆ ನಿಧಾನವಾಗಿ ಬೆಳೆಯುವ ಮರ, ಅಪಾಯದಲ್ಲಿರುವ ಪ್ರಭೇದವೆಂದು ಗುರುತಿಸಲಾಗಿದೆ, ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಆ ಬಿಗಿ ಹಾಗೆಯೇ ಇರಲಿ. ಒಂದು ಗಿಟಾರ್ ಪಟ್ಟಿಗೆ ಬೇಕಾದದ್ದು ಅರ್ಧ ಮೀಟರ್ ಉದ್ದ, ಏಳು ಸೆಂ.ಮೀ. ಅಗಲ, ಒಂದು ಸೆಂ.ಮೀ.ಗಿಂತ ತೆಳುವಾದ ತುಂಡು. ಮಲೆನಾಡಿನ ತುಂಬ ಹಳೆಯ ಮನೆ ಕೆಡವಿ ಆರ್‌ಸಿಸಿ ಹಾಕುತ್ತಿದ್ದಾರೆ. ಆ ಮನೆಗಳ ತೊಲೆ, ಕಿಟಕಿಗಳಲ್ಲಿ ಹತ್ತಾರು ವರ್ಷ ಒಣಗಿದ ಬೀಟೆ ಇರುತ್ತದೆ. ವಾದ್ಯ ಮಾಡುವವರು ಹುಡುಕುವುದೇ ಅಂಥ ಮರವನ್ನು. ಚೆನ್ನಾಗಿರುವ ಬಾಗಿಲು ಪಟ್ಟಣದ ಹೋಟೆಲ್‌ಗಳ ಅಲಂಕಾರಕ್ಕೆ ಹೋಗುತ್ತದೆ, ಮುರಿದದ್ದು ಹಂಡೆ ಒಲೆಗೆ. ಇದು ಹಳೆಯ ಮನೆಯ ಮರ ಎಂದು ಪಂಚಾಯಿತಿ ಮಟ್ಟದಲ್ಲೇ ದಾಖಲೆ ಮಾಡಿಕೊಡುವ ಸರಳ ಏರ್ಪಾಡು ಬಂದರೆ ಒಲೆಯ ಪಾಲಾಗುವುದಾದರೂ ಉಳಿಯುತ್ತದೆ.

ಇದರಿಂದ ಸಾವಿರಾರು ಉದ್ಯೋಗ ಸೃಷ್ಟಿಯಾಗುತ್ತದೆ ಎಂದು ನಾನು ಹೇಳುವುದಿಲ್ಲ. ತಾಲ್ಲೂಕಿಗೆ ನಾಲ್ಕು ಮಂದಿ ಬದುಕಬಹುದೇನೋ. ಕ್ಯಾಂಪಸ್ ಸಂದರ್ಶನದ ಕರೆಗಾಗಿ ಕಾಯುತ್ತಾ ಬೆಂಗಳೂರಿನ ಪಿಜಿಯಲ್ಲಿ ತಿಂಗಳುಗಟ್ಟಲೆ ಬಾಡಿಗೆ ಕಟ್ಟುತ್ತಿರುವ ನಮ್ಮೂರಿನ ಅಣ್ಣಂದಿರನ್ನು ನೋಡಿದರೆ ನಾಲ್ಕು ಸಣ್ಣ ಸಂಖ್ಯೆ ಎನಿಸುವುದಿಲ್ಲ.

ಸದ್ಯ ನಾವು ಮೂವರು ಶಿಕಾರಿಪುರದ ಬಡಗಿಯೊಬ್ಬರ ಬಳಿ ಹಳೆಯ ಕಿಟಕಿಯ ಅಡ್ಡಪಟ್ಟಿಯೊಂದನ್ನು ಕೊಯ್ಯಿಸಿದ್ದೇವೆ. ಅದರಲ್ಲಿ 22 ಮೆಟ್ಟಿಲಿಗೆ ಗೆರೆ ಎಳೆದಾಗಿದೆ. ಗೆರೆಯ ಮೇಲೆ 0.6 ಮಿ.ಮೀ. ಅಗಲದ ಸೀಳು ಬೀಳಬೇಕು, ಅವರ ಗರಗಸದ ಹಲ್ಲು ಅದಕ್ಕಿಂತ ದಪ್ಪ. 'ಗರಗಸ ತಂದುಕೊಡ್ರಪ್ಪ, ಕೊಯ್ಯೋದು ನನಗೆ ಬಿಡಿ' ಎಂದಿದ್ದಾರೆ. ಅಷ್ಟು ತೆಳು ಅಲಗಿನ ಗರಗಸವನ್ನು ಹುಡುಕುತ್ತಿದ್ದೇವೆ.