ಅವ್ರೂರಿಗೆ ನಾಲೆ ನೀರು ಬತ್ತದಾ?

ಊಟ ಮುಗಿಸಿ ಕೈ ಒಣಗುವ ತನಕ ಮೆಸ್‌ನಲ್ಲೇ ಕೂತು ಜಗತ್ತನ್ನು ಸರಿ ಮಾಡುವ ಚಟ ನಮ್ಮ ಹಾಸ್ಟೆಲ್‌ನ ಎಲ್ಲ ಬ್ಯಾಚಿನವರಿಗೂ ಇದೆ. ಉಕ್ರೇನ್, ಗಾಜಾ, ಟ್ರಂಪ್ ಸುಂಕ, ಜಿಎಸ್‌ಟಿ, ಯಾವುದನ್ನೂ ನಾವು ಬಿಟ್ಟಿಲ್ಲ. ನಮ್ಮ ಟೇಬಲ್‌ಗೆ ನಾಲ್ಕು ಜನ ಖಾಯಂ ಗಿರಾಕಿಗಳು. ಹುಣಸೂರಿನವನೊಬ್ಬ, ಕೆ.ಆರ್. ನಗರದವನೊಬ್ಬ, ಎಚ್.ಡಿ. ಕೋಟೆಯವನೊಬ್ಬ, ಪಿರಿಯಾಪಟ್ಟಣ ತಾಲ್ಲೂಕಿನ ನಾನು. ಪುಟಿನ್ ಏನು ಮಾಡಬೇಕಿತ್ತು ಅಂತ ನಮಗೆ ನಾಲ್ವರಿಗೂ ಚೆನ್ನಾಗಿ ಗೊತ್ತು. ನಮ್ಮ ಪಕ್ಕದ ತಾಲ್ಲೂಕಿನವರು ಏನು ಬೆಳೆಯುತ್ತಾರೆ, ಯಾಕೆ ಬೆಳೆಯುತ್ತಾರೆ ಅನ್ನೋದು ಮಾತ್ರ ಅಷ್ಟು ಸರಿಯಾಗಿ ಗೊತ್ತಿರಲಿಲ್ಲ. ಅದು ಗೊತ್ತಾಗಿದ್ದು ಕಳೆದ ಸೆಮಿಸ್ಟರ್‌ನಲ್ಲಿ ಒಂದು ಜಗಳದಿಂದ.

ಆವತ್ತು ಮಾತು ಸಿಗರೇಟ್ ತೆರಿಗೆ ಮೇಲೆ ಶುರುವಾಯ್ತು. ಕೆ.ಆರ್. ನಗರದವನು, "ಟ್ಯಾಕ್ಸ್ ಯಾಕೆ ಮಗಾ, ಹೊಗೆಸೊಪ್ಪು ಬೆಳೆಯೋದನ್ನೇ ಬ್ಯಾನ್ ಮಾಡಿದ್ರೆ ಆಯ್ತು, ಸಿಂಪಲ್" ಅಂದ. ಆ 'ಸಿಂಪಲ್' ಅನ್ನೋ ಪದ ನನಗೆ ಚುಚ್ಚಿತು. ನಮ್ಮನೆಯಲ್ಲಿ ಒಂದು ಬ್ಯಾರನ್ ಇದೆ. ನನ್ನ ಹಾಸ್ಟೆಲ್ ಫೀಸು, ಈ ಲ್ಯಾಪ್‌ಟಾಪು, ಅಕ್ಕನ ಮದುವೆ, ಎಲ್ಲ ಅದರಿಂದಲೇ ಬಂದದ್ದು. ನಾನು ದನಿ ಏರಿಸಿದೆ. ಆಗ ಅವನು ತನ್ನ ತಾತ ಬೀಡಿ ಸೇದಿ ಗಂಟಲು ಕ್ಯಾನ್ಸರ್ ಬಂದು ತೀರಿಕೊಂಡಿದ್ದನ್ನು ಹೇಳಿದ. ಅದಕ್ಕೆ ನಾನು ಕೊಟ್ಟ ಉತ್ತರ ಏನು ಗೊತ್ತಾ? "ಬೀಡಿ ಹೊಗೆಸೊಪ್ಪು ನಿಪ್ಪಾಣಿ ಕಡೆದು. ನಮ್ದು ವರ್ಜೀನಿಯಾ, ಅದು ಸಿಗರೇಟ್‌ಗೆ ಹೋಗೋದು."

ಮಾಹಿತಿ ನೂರಕ್ಕೆ ನೂರು ಸರಿ. ಆದರೆ ತಾತನನ್ನು ಕಳೆದುಕೊಂಡವನ ಮುಂದೆ ಅದನ್ನು ಹೇಳಿದ್ದು ತಪ್ಪು. ಟೇಬಲ್ ತಣ್ಣಗಾಯ್ತು. ಅವನು ತಟ್ಟೆ ಎತ್ತಿಕೊಂಡು ಹೋದ.

ರಾತ್ರಿ ಮನೆಗೆ ಫೋನ್ ಮಾಡಿ ಅಪ್ಪನ ಹತ್ತಿರ ನಡೆದದ್ದನ್ನು ಹೇಳಿದೆ. ಅಪ್ಪ ನನ್ನ ಪರ ಮಾತಾಡ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಅವ್ರೂರಿಗೆ ನಾಲೆ ನೀರು ಬತ್ತದಾ?"

ಬರುತ್ತೆ. ಅವನ ಊರು ಕಾವೇರಿ ನಾಲೆಯ ಅಚ್ಚುಕಟ್ಟಿನಲ್ಲಿದೆ. ಅವರ ಮನೆಯಲ್ಲಿ ಭತ್ತ ಬೆಳೆಯುತ್ತಾರೆ. ನಮ್ಮದು ಮಳೆ ನಂಬಿದ ಕೆಂಪು ಮಣ್ಣಿನ ಹೊಲ. ಕೋಟೆಯವನ ಕಥೆ ಇನ್ನೂ ವಿಚಿತ್ರ. ಹಳೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಕಬಿನಿ, ನುಗು, ತಾರಕ, ಹೆಬ್ಬಳ್ಳ ಅಂತ ನಾಲ್ಕು ಜಲಾಶಯ ಇವೆ. ಆದರೂ ಅವನ ಹೊಲಕ್ಕೆ ಮಳೆಯೇ ಗತಿ. ಒಂದೇ ಜಿಲ್ಲೆಯ ಒಂದೇ ಭಾಗದ ನಾಲ್ಕು ಹುಡುಗರಿಗೆ 'ಬ್ಯಾನ್' ಅನ್ನೋ ಒಂದೇ ಪದ ನಾಲ್ಕು ಥರ ಕೇಳಿಸೋದು ಇದಕ್ಕೇ. ಸರ್ಕಾರದ ನೀತಿ ಬಗ್ಗೆ ಚರ್ಚೆ ಮಾಡುವಾಗ ನಾವು ಮೊದಲು ಕೇಳಬೇಕಾದದ್ದು ಅಪ್ಪ ಕೇಳಿದಂಥ ಪ್ರಶ್ನೆ ಅಂತ ಆವತ್ತಿನಿಂದ ನನಗೆ ಅನ್ನಿಸಿದೆ. ಇದರ ಖರ್ಚು ಯಾರ ತಲೆ ಮೇಲೆ ಬೀಳುತ್ತೆ? ಮಾತಾಡ್ತಿರೋ ನಾನು ಎಲ್ಲಿ ನಿಂತಿದ್ದೀನಿ?

ಇಂಟರ್‌ನ್ಯಾಷನಲ್ ಪಾಲಿಟಿಕ್ಸ್‌ಗೂ ನಮ್ಮ ಹಳ್ಳಿಗೂ ಏನು ಸಂಬಂಧ ಅಂತ ಕೆಲವರು ಕೇಳ್ತಾರೆ. ಅಂಥವರು ಒಮ್ಮೆ ಕಂಪಲಾಪುರದಲ್ಲೋ ಕಟ್ಟೆಮಳಲವಾಡಿಯಲ್ಲೋ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗೆ ಬನ್ನಿ. ಹೊರಗೆ ಟೀ ಕುಡಿಯುತ್ತಾ ನಿಂತ ರೈತರು ಬ್ರೆಜಿಲ್‌ನಲ್ಲಿ ಈ ಸಲ ಬೆಳೆ ಎಷ್ಟಂತೆ, ಜಿಂಬಾಬ್ವೆದು ಎಷ್ಟಂತೆ ಅಂತ ಮಾತಾಡುವುದು ಕೇಳಿಸುತ್ತೆ. ಅವರಿಗೆ ಅದು ಜನರಲ್ ನಾಲೆಡ್ಜ್ ಅಲ್ಲ, ನಾಳೆ ತಮ್ಮ ಬೇಲ್‌ಗೆ ಸಿಗುವ ರೇಟು.

ಜಿಂಬಾಬ್ವೆ ಉದಾಹರಣೆಯನ್ನೇ ತಗೊಳ್ಳಿ. 2000ದಲ್ಲಿ ಅಲ್ಲಿ ಬಿಳಿಯರ ದೊಡ್ಡ ದೊಡ್ಡ ಫಾರಂಗಳನ್ನು ವಶಪಡಿಸಿಕೊಂಡು ಹಂಚುವ ಭೂಸುಧಾರಣೆ ಶುರುವಾಯ್ತು. ಆಗ ವರ್ಷಕ್ಕೆ ಸುಮಾರು 23 ಕೋಟಿ ಕಿಲೋ ತಂಬಾಕು ಬೆಳೆಯುತ್ತಿದ್ದ ದೇಶ 2008ರ ಹೊತ್ತಿಗೆ 5 ಕೋಟಿ ಕಿಲೋಗಿಂತ ಕೆಳಗೆ ಬಿತ್ತು. ಆಮೇಲೆ ಸಣ್ಣ ರೈತರ ಕೈಯಲ್ಲೇ ಮತ್ತೆ ಮೇಲಕ್ಕೆ ಎದ್ದಿತು. ಅಲ್ಲಿ ಬೆಳೆ ಬಿದ್ದಾಗ ಕೊಳ್ಳುವವರು ಬೇರೆ ದೇಶಗಳ ಕಡೆ ತಿರುಗುತ್ತಾರೆ, ಅಲ್ಲಿ ಎದ್ದಾಗ ನಮ್ಮ ಹರಾಜು ಕಟ್ಟೆಯಲ್ಲಿ ಚೌಕಾಸಿ ಜಾಸ್ತಿ ಆಗುತ್ತೆ.

ಇದರಲ್ಲಿ ಇನ್ನೊಂದು ವಿಷಯವೂ ಇದೆ. ಭೂಸುಧಾರಣೆ ಅಂದರೆ ನಮ್ಮ ಕಡೆ ನೆನಪಾಗುವುದು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು. ಅವರು ಮುಖ್ಯಮಂತ್ರಿ ಆಗಿದ್ದಾಗ ಬಂದ 1974ರ ತಿದ್ದುಪಡಿಯಿಂದಲೇ ಗೇಣಿ ಮಾಡುತ್ತಿದ್ದ ನಮ್ಮ ತಾತನ ಹೆಸರಿಗೆ ಎರಡು ಎಕರೆ ಆಯ್ತು. ಅಂದರೆ ನಮ್ಮ ಹೊಲ ಬಂದದ್ದು ಒಂದು ಭೂಸುಧಾರಣೆಯಿಂದ, ಆ ಹೊಲದ ಬೆಳೆಗೆ ರೇಟು ಏರಿಳಿದದ್ದು ಆಫ್ರಿಕಾದ ಇನ್ನೊಂದು ಭೂಸುಧಾರಣೆಯಿಂದ. 'ಭೂಸುಧಾರಣೆ ಒಳ್ಳೇದಾ ಕೆಟ್ಟದ್ದಾ' ಅಂತ ಮೆಸ್‌ನಲ್ಲಿ ಎರಡು ಟೀಮ್ ಮಾಡಿಕೊಂಡು ಕಿರುಚಾಡಿದರೆ ಇದು ಯಾವ ಟೀಮಿಗೂ ಸಿಗುವುದಿಲ್ಲ. ಯಾವ ಜಮೀನು, ಯಾರಿಂದ ಯಾರಿಗೆ, ಹೇಗೆ ಕೊಟ್ಟರು, ಆಮೇಲೆ ಸಾಲ ಸಿಕ್ಕಿತಾ ಅಂತ ಬಿಡಿಸಿ ಕೇಳಬೇಕಾಗುತ್ತೆ.

ಯುದ್ಧವೂ ಹಾಗೇ. ಹೊಗೆಸೊಪ್ಪಿಗೆ ಮಾಮೂಲಿ ಪೊಟ್ಯಾಷ್ ಹಾಕುವ ಹಾಗಿಲ್ಲ. ಅದರಲ್ಲಿ ಕ್ಲೋರೈಡ್ ಇರುತ್ತೆ, ಎಲೆ ಸರಿಯಾಗಿ ಉರಿಯುವುದಿಲ್ಲ. ಅದಕ್ಕೇ ಸಲ್ಫೇಟ್ ರೂಪದ ಪೊಟ್ಯಾಷ್ ಬೇಕು. ಪೊಟ್ಯಾಷ್ ಅನ್ನು ನಮ್ಮ ದೇಶ ಹೆಚ್ಚುಕಡಿಮೆ ಪೂರ್ತಿ ಹೊರಗಿನಿಂದಲೇ ತರಿಸುತ್ತೆ. ರಷ್ಯಾ, ಬೆಲಾರಸ್ ಎರಡೂ ಅದನ್ನು ರಫ್ತು ಮಾಡುವ ದೊಡ್ಡ ದೇಶಗಳು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಮೇಲೆ ಯುದ್ಧ ಶುರುವಾದಾಗ ನಾವು ಯಾರು ಸರಿ, ಯಾರು ತಪ್ಪು ಅಂತ ವಾದ ಮಾಡುತ್ತಿದ್ದೆವು. ಅಪ್ಪ ಸಸಿ ಮಡಿ ಹತ್ತಿರ ಕೂತು ಈ ಸಲ ಗೊಬ್ಬರಕ್ಕೆ ಎಷ್ಟು ಎತ್ತಿಡಬೇಕು ಅಂತ ಲೆಕ್ಕ ಹಾಕುತ್ತಿದ್ದರು.

ಇಷ್ಟೂ ಸಾಲದು ಅಂದರೆ ಬೈಲಕುಪ್ಪೆಗೆ ಹೋಗಿ. 1959ರಲ್ಲಿ ಟಿಬೆಟ್‌ನಲ್ಲಿ ನಡೆದದ್ದರಿಂದ ದಲೈ ಲಾಮಾ ಭಾರತಕ್ಕೆ ಬಂದರು. ಮರುವರ್ಷವೇ ನಮ್ಮ ತಾಲ್ಲೂಕಿನಲ್ಲಿ ಟಿಬೆಟನ್ನರ ಕ್ಯಾಂಪ್ ಶುರುವಾಯ್ತು. ನಾವು ಗೋಲ್ಡನ್ ಟೆಂಪಲ್‌ಗೆ ಹೋಗಿ ಫೋಟೋ ತೆಗೆಸಿಕೊಂಡು, ಮೊಮೊ ತಿಂದು ಬರುತ್ತೀವಲ್ಲ, ಅಲ್ಲಿನ ಒಬ್ಬ ಅಜ್ಜನಿಗೆ ವಿದೇಶಾಂಗ ನೀತಿ ಅಂದರೆ ತನ್ನ ಇಡೀ ಜೀವನ.

ಮತ್ತೆ ಹೊಗೆಸೊಪ್ಪಿಗೆ ಬರೋಣ. ನಾನು ಒಂದು ಕಡೆಯವನು ಅಂತ ಮೊದಲೇ ಹೇಳಿದ್ದೀನಿ, ಹಾಗಾಗಿ ಎದುರಿನವನ ವಾದವನ್ನು ನಾನೇ ಸರಿಯಾಗಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ತಂಬಾಕಿನಿಂದ ಪ್ರಪಂಚದಲ್ಲಿ ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಜನ, ನಮ್ಮ ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ. ಬೆಳೆಯುವವರನ್ನೂ ಅದು ಸುಮ್ಮನೆ ಬಿಡುವುದಿಲ್ಲ. ಇಬ್ಬನಿಯಲ್ಲಿ ಒದ್ದೆ ಎಲೆ ಮುರಿದರೆ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತೆ. ತಲೆ ಸುತ್ತು, ವಾಂತಿ. ನಮ್ಮಮ್ಮನಿಗೆ ಆಗಿದ್ದನ್ನು ನೋಡಿದ್ದೀನಿ. ಬ್ಯಾರನ್‌ನಲ್ಲಿ ಐದಾರು ದಿನ ಹಗಲು ರಾತ್ರಿ ಸೌದೆ ಉರಿಸಿ, ಬಿಸಿಯನ್ನು ಸುಮಾರು 35 ಡಿಗ್ರಿಯಿಂದ 70 ಡಿಗ್ರಿಗೆ ನಿಧಾನಕ್ಕೆ ಏರಿಸಬೇಕು. ಒಂದು ಕಿಲೋ ಒಣ ಎಲೆಗೆ ನಾಲ್ಕೈದು ಕಿಲೋ ಸೌದೆ ಹೋಗುತ್ತೆ. ನಾಗರಹೊಳೆ ಕಾಡಿನ ಅಂಚಿನಲ್ಲಿ ಇದರ ಅರ್ಥ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಇದೆಲ್ಲ ನಿಜ, ಮತ್ತು ಇದು ನನ್ನ ಗೆಳೆಯನ ವಾದ.

ಈಗ ಸರ್ಕಾರದ ಕಡೆ ನೋಡಿ. ದೆಹಲಿಯ ವಾಣಿಜ್ಯ ಸಚಿವಾಲಯದ ಕೆಳಗೆ 1976ರಿಂದ ತಂಬಾಕು ಮಂಡಳಿ ಇದೆ. ಅದು ಬೆಳೆಗಾರರಿಗೆ ಲೈಸೆನ್ಸ್ ಕೊಡುತ್ತೆ, ಈ ವರ್ಷ ಕರ್ನಾಟಕ ಇಷ್ಟು ಬೆಳೆಯಬಹುದು ಅಂತ ಮಿತಿ ಹಾಕುತ್ತೆ, ಹರಾಜು ನಡೆಸುತ್ತೆ, ರಫ್ತಿಗೆ ಒತ್ತು ಕೊಡುತ್ತೆ. ಅದೇ ದೆಹಲಿಯ ಆರೋಗ್ಯ ಸಚಿವಾಲಯ ಸಿಗರೇಟ್ ಪ್ಯಾಕಿನ ಶೇ 85 ಭಾಗದಲ್ಲಿ ಕ್ಯಾನ್ಸರ್ ಚಿತ್ರ ಹಾಕಿಸುತ್ತೆ. ಆ ನಿಯಮವನ್ನು 2017ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟ್ ರದ್ದು ಮಾಡಿತು, ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಕೃಷಿ ಸಚಿವಾಲಯ 2015–16ರಿಂದ ತಂಬಾಕು ಬಿಟ್ಟು ಬೇರೆ ಬೆಳೆಗೆ ಹೋಗಿ ಅಂತ ಯೋಜನೆ ನಡೆಸುತ್ತಿದೆ. 'ಸರ್ಕಾರ ಹೇಳುತ್ತೆ' ಅಂತ ನಾವು ವಾದ ಮಾಡುತ್ತೀವಲ್ಲ, ಯಾವ ಸರ್ಕಾರ, ಯಾವ ಸಚಿವಾಲಯ ಅಂತ ಕೇಳಿದರೆ ಅರ್ಧ ವಾದ ಅಲ್ಲೇ ನಿಂತುಹೋಗುತ್ತೆ.

ಇನ್ನು ಅಂತರರಾಷ್ಟ್ರೀಯ ಒಪ್ಪಂದ. ತಂಬಾಕು ನಿಯಂತ್ರಣದ ಚೌಕಟ್ಟು ಒಪ್ಪಂದವನ್ನು ಭಾರತ 2004ರಲ್ಲೇ ಅನುಮೋದಿಸಿತು. ಅಮೆರಿಕ ಸಹಿ ಹಾಕಿಯೂ ಇನ್ನೂ ಅನುಮೋದಿಸಿಲ್ಲ. 2016ರ ನವೆಂಬರ್‌ನಲ್ಲಿ ಅದರ ಸಮ್ಮೇಳನ ಗ್ರೇಟರ್ ನೋಯ್ಡಾದಲ್ಲಿ ನಡೆದಾಗ ರೈತರು ಪ್ರತಿಭಟನೆ ಮಾಡಿದರು. ಬ್ಯಾನ್ ಅನ್ನುವವರು ಈ ಒಪ್ಪಂದದ ಹೆಸರು ಹೇಳುತ್ತಾರೆ, ಬೇಡ ಅನ್ನುವವರು ಅದನ್ನು ಬೈಯುತ್ತಾರೆ. ಅದರ 17ನೇ ಕಲಮನ್ನು ಓದಿದವರು ನನಗೆ ಎರಡೂ ಕಡೆ ಸಿಕ್ಕಿಲ್ಲ. ಬೆಳೆಗಾರರಿಗೂ ಕೂಲಿಕಾರರಿಗೂ ಹೊಟ್ಟೆ ತುಂಬುವಂಥ ಬೇರೆ ದಾರಿ ಒದಗಿಸಲು ದೇಶಗಳು ಕೆಲಸ ಮಾಡಬೇಕು ಅಂತ ಅದರಲ್ಲಿದೆ. ಜಗಳದ ಮರುದಿನ ಲೈಬ್ರರಿಯಲ್ಲಿ ಕೂತು ನಾನೇ ಮೊದಲ ಸಲ ಓದಿದ್ದು. ಅಷ್ಟು ದಿನ ಓದದೆಯೇ ಬೈಯುತ್ತಿದ್ದೆ.

ಬೇರೆ ದಾರಿ ಅಂದರೆ ಏನು? ಶುಂಠಿ ಒಂದು ವರ್ಷ ಕೈ ಹಿಡಿದರೆ ಇನ್ನೊಂದು ವರ್ಷ ಕೊಳೆರೋಗಕ್ಕೋ ರೇಟಿಗೋ ಸಿಕ್ಕಿ ಮುಳುಗಿಸುತ್ತೆ. ಜೋಳ, ರಾಗಿ ಬೆಳೆದರೆ ಮನೆ ನಡೆಯಬಹುದು, ಮಗನ ಇಂಜಿನಿಯರಿಂಗ್ ನಡೆಯಲ್ಲ. ಹೊಗೆಸೊಪ್ಪಿಗೆ ಒಂದು ಹರಾಜು ಕಟ್ಟೆ ಇದೆ, ಅದರ ಮೇಲೆ ಬ್ಯಾಂಕ್ ಸಾಲ ಸಿಗುತ್ತೆ, ದುಡ್ಡು ಅಕೌಂಟಿಗೆ ಬೀಳುತ್ತೆ. ರೈತ ಹಿಡಿದುಕೊಂಡಿರುವುದು ಆ ವ್ಯವಸ್ಥೆಯನ್ನು. ಅಂಥದ್ದೇ ವ್ಯವಸ್ಥೆ ಬೇರೆ ಬೆಳೆಗೆ ಮಾಡಿಕೊಡದೆ 'ಬಿಡು' ಅಂದರೆ ಹೇಗೆ ಬಿಡುತ್ತಾನೆ?

ನನ್ನ ಅಭಿಪ್ರಾಯ ಇಷ್ಟು. ಹೊಗೆಸೊಪ್ಪು ಕಡಿಮೆ ಆಗಲೇಬೇಕು. ಆದರೆ ಯಾವ ವರ್ಷಕ್ಕೆ ಎಷ್ಟು ಅಂತ ಮೊದಲೇ ಹೇಳಬೇಕು. ಲೈಸೆನ್ಸ್ ಬಿಟ್ಟುಕೊಡುವವರಿಗೆ ಒಂದೇ ಸಲ ಪರಿಹಾರ ಕೊಡಿ ಅನ್ನುವ ರೈತರ ಹಳೆಯ ಬೇಡಿಕೆಯನ್ನು ಒಪ್ಪಬೇಕು. ಆ ದುಡ್ಡು ಸಿಗರೇಟ್ ತೆರಿಗೆಯಿಂದಲೇ ಬರಲಿ. ಮಳೆ ಹೊಲಗಳಿಗೆ ಕೆರೆ ತುಂಬಿಸುವುದು ಮೊದಲು, ಬೆಳೆ ಬದಲಾವಣೆಯ ಭಾಷಣ ಆಮೇಲೆ. ಇದನ್ನು ಯಾರಾದರೂ ತಪ್ಪು ಅಂತ ತೋರಿಸಿದರೆ ಬದಲಾಯಿಸಿಕೊಳ್ಳುತ್ತೀನಿ. ಹೊಗೆಸೊಪ್ಪು ಬಿಟ್ಟು, ನಾಲೆ ನೀರಿಲ್ಲದೆ, ಐದು ವರ್ಷ ಸಾಲ ಇಲ್ಲದೆ ನಡೆಸಿದ ಹತ್ತು ಮನೆ ನಮ್ಮ ಹೋಬಳಿಯಲ್ಲಿ ತೋರಿಸಿ ಸಾಕು.

ನಮ್ಮ ಸಂಘಕ್ಕೂ ಒಂದು ಮಾತು. ಪ್ರತಿ ವರ್ಷ ಚರ್ಚಾಸ್ಪರ್ಧೆ ಇಡುತ್ತೀವಿ. ಪರ ಮೂರು ನಿಮಿಷ, ವಿರೋಧ ಮೂರು ನಿಮಿಷ, ಚಪ್ಪಾಳೆ, ಸರ್ಟಿಫಿಕೇಟ್. ಈ ಸಲ ಒಂದು ನಿಯಮ ಸೇರಿಸಿ: ಮೊದಲ ನಿಮಿಷ ಎದುರು ಕಡೆಯವರ ವಾದ ಹೇಳಬೇಕು, ಅವರು 'ಹೌದು, ಇದೇ ನಮ್ಮ ಮಾತು' ಅಂತ ಒಪ್ಪಿದ ಮೇಲೆಯೇ ತನ್ನದು ಶುರು. ಅಂಕಿಅಂಶ ಹೇಳಿದರೆ ಯಾವ ವರ್ಷದ್ದು ಅಂತಲೂ ಹೇಳಬೇಕು. ಮೆಕ್ಯಾನಿಕಲ್‌ನವರಿಗೆ ಇನ್ನೊಂದು ಕೆಲಸ: ಬ್ಯಾರನ್ ಶಾಖ ಎಲ್ಲೆಲ್ಲಿ ಸೋರುತ್ತೆ ಅಂತ ಫೈನಲ್ ಇಯರ್ ಪ್ರಾಜೆಕ್ಟ್ ಮಾಡಿ. ನಮ್ಮನೆ ಬ್ಯಾರನ್ ಕೊಡ್ತೀನಿ.

ದಸರಾ ರಜೆಯಲ್ಲಿ ಕೆ.ಆರ್. ನಗರದವನನ್ನು ಊರಿಗೆ ಕರೆದುಕೊಂಡು ಹೋಗಿದ್ದೆ. ಅದಕ್ಕೂ ಮೊದಲು, ತಾತನ ವಿಷಯದಲ್ಲಿ ನಾನು ಹಾಗೆ ಮಾತಾಡಬಾರದಿತ್ತು ಅಂತ ಹೇಳಿದ್ದೆ. ರಾತ್ರಿ ಬ್ಯಾರನ್ ಮುಂದೆ ಅಪ್ಪನ ಜೊತೆ ಕೂತು ಒಲೆಗೆ ಸೌದೆ ಹಾಕಿದ. ಎರಡು ಗಂಟೆಗೆ ಎದ್ದು ಥರ್ಮಾಮೀಟರ್ ನೋಡಿದ. ಅವನ ತಾತನ ಬಗ್ಗೆ ಅಪ್ಪ ಕೇಳಿದರು, ಅವನು ಹೇಳಿದ, ಅಪ್ಪ ಸುಮ್ಮನೆ ಕೇಳಿಸಿಕೊಂಡರು. ಬಸ್ಸಿನಲ್ಲಿ ವಾಪಸ್ ಬರುವಾಗ ಅವನು, "ಆದ್ರೂ ಬ್ಯಾನ್ ಆಗ್ಬೇಕು ಮಗಾ" ಅಂದ. ಹುಣಸೂರು ದಾಟಿದ ಮೇಲೆ ಅವನೇ ಮತ್ತೆ ಕೇಳಿದ: "ಒಂದು ಬ್ಯಾರನ್‌ಗೆ ಎಷ್ಟು ಪರಿಹಾರ ಕೊಟ್ರೆ ನಿಮ್ಮಪ್ಪ ಬಿಡ್ತಾರೆ?"

ಮೈಸೂರು ಬರುವ ತನಕ ಲೆಕ್ಕ ಹಾಕಿದೆವು. ಇನ್ನೂ ಮುಗಿದಿಲ್ಲ.