ಸ್ಮಾರ್ಟ್ ಕಾಂಟ್ರ್ಯಾಕ್ಟ್: ಐದು ನಿಮಿಷದ ಟೆಂಪ್ಲೇಟ್, ಕೋಟಿಗಟ್ಟಲೆ ಡಾಲರ್ ನಷ್ಟ

ಹೊಸ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಪ್ರಾಜೆಕ್ಟ್ ಶುರು ಮಾಡಲು ಈಗ ಐದು ನಿಮಿಷ ಸಾಕು. ಹಾರ್ಡ್‌ಹ್ಯಾಟ್ ಅಥವಾ ಫೌಂಡ್ರಿ ಎಂಬ ಟೂಲ್ ಹಾಕಿಕೊಂಡು ಒಂದು ಕಮಾಂಡ್ ಕೊಟ್ಟರೆ ಫೋಲ್ಡರ್, ಮಾದರಿ ಕಾಂಟ್ರ್ಯಾಕ್ಟ್, ಅದರ ಟೆಸ್ಟ್ ಎಲ್ಲವೂ ಸಿದ್ಧ. ಸ್ವಂತ ಟೋಕನ್ ಬೇಕೆಂದರೆ ಓಪನ್‌ಜೆಪ್ಪೆಲಿನ್ ಲೈಬ್ರರಿ ಇದೆ. ಕ್ರಿಪ್ಟೋ ವಿನಿಮಯ ವೇದಿಕೆಗೆ ಯೂನಿಸ್ವಾಪ್‌ನ ಕೋಡ್, ಸಾಲ ಕೊಡುವ ವೇದಿಕೆಗೆ ಕಾಂಪೌಂಡ್‌ನ ಕೋಡ್ ಎಲ್ಲರಿಗೂ ಮುಕ್ತವಾಗಿ ಸಿಗುತ್ತವೆ. ನಕಲು ಮಾಡಿಕೊಂಡು ಹೆಸರು ಬದಲಿಸಿದರೆ ಹೊಸ ಸಂಸ್ಥೆಯೇ ತಯಾರು.

ನಕಲು ಮಾಡುವುದು ತಪ್ಪಲ್ಲ. ಬ್ಲಾಕ್‌ಚೈನ್ ಮೇಲೆ ತಾನಾಗಿಯೇ ಹಣ ವರ್ಗಾಯಿಸುವ ಪ್ರೋಗ್ರಾಂ ಅನ್ನು ಮೊದಲಿನಿಂದ ತಾನೇ ಬರೆಯಲು ಹೊರಡುವುದು ಇನ್ನೂ ದೊಡ್ಡ ದುಸ್ಸಾಹಸ. ಆದರೆ ಟೆಂಪ್ಲೇಟ್ ಜತೆಗೆ ಅದರ ಒಳ್ಳೆಯ ಹೆಸರೂ ಬರುತ್ತದೆ. ಆ ಹೆಸರು ಯಾವ ಷರತ್ತುಗಳ ಮೇಲೆ ನಿಂತಿದೆ ಎಂಬ ತಿಳಿವಳಿಕೆ ಮಾತ್ರ ಬರುವುದಿಲ್ಲ.

ಯುರೇನಿಯಂ ಫೈನಾನ್ಸ್ ಪ್ರಕರಣ ನೋಡಿ. ಯೂನಿಸ್ವಾಪ್‌ನ ಎರಡನೇ ಆವೃತ್ತಿಯ ನಕಲಾಗಿದ್ದ ಈ ವೇದಿಕೆ ಬೈನಾನ್ಸ್ ಸ್ಮಾರ್ಟ್ ಚೈನ್ ಮೇಲೆ ನಡೆಯುತ್ತಿತ್ತು. ಮೂಲದಲ್ಲಿ ಪ್ರತಿ ವಹಿವಾಟಿಗೆ ಶುಲ್ಕ ಶೇ 0.3. ಅದಕ್ಕಾಗಿ ಲೆಕ್ಕವನ್ನು ಸಾವಿರದಲ್ಲಿ ಇಷ್ಟು ಪಾಲು ಎಂದು ಬರೆಯಲಾಗಿತ್ತು. ಯುರೇನಿಯಂನವರು ಶುಲ್ಕವನ್ನು ಶೇ 0.16ಕ್ಕೆ ಇಳಿಸಲು ಸಾವಿರ ಇದ್ದಲ್ಲಿ ಹತ್ತು ಸಾವಿರ ಮಾಡಿದರು. ಆದರೆ ಕೊನೆಯಲ್ಲಿ ಖಜಾನೆಯ ಲೆಕ್ಕ ಸರಿಯಿದೆಯೇ ಎಂದು ತಾಳೆ ನೋಡುವ ಸಾಲಿನಲ್ಲಿ ಹಳೆಯ ಸಾವಿರವೇ ಉಳಿದುಬಿಟ್ಟಿತು. ಅಲ್ಲಿ ಆ ಸಂಖ್ಯೆಯ ವರ್ಗ ಬರುತ್ತದೆ. ಹಾಗಾಗಿ ಕಾವಲು ನೂರು ಪಟ್ಟು ಸಡಿಲವಾಯಿತು. ಚಿಲ್ಲರೆ ಹಾಕಿ ಖಜಾನೆಯ ಬಹುಪಾಲು ಎತ್ತಿಕೊಂಡು ಹೋಗಲು ಅಷ್ಟು ಸಾಕಾಯಿತು. 2021ರ ಏಪ್ರಿಲ್‌ನಲ್ಲಿ ಸುಮಾರು 5 ಕೋಟಿ ಡಾಲರ್ ಹೋಯಿತು. ಸುಮಾರು ನಾಲ್ಕು ವರ್ಷದ ಬಳಿಕ, 2025ರ ಫೆಬ್ರವರಿಯಲ್ಲಿ ಅಮೆರಿಕದ ಅಧಿಕಾರಿಗಳು ಅದಕ್ಕೆ ಸಂಬಂಧಿಸಿದ 3.1 ಕೋಟಿ ಡಾಲರ್ ವಶಪಡಿಸಿಕೊಂಡರು. ಅಷ್ಟಾದರೂ ಸಿಕ್ಕಿದ್ದು ಈ ಕ್ಷೇತ್ರದಲ್ಲಿ ಅಪರೂಪವೇ.

ಕೋಡ್ ಅನ್ನು ಮುಟ್ಟದೆ ಇದ್ದರೆ ಕ್ಷೇಮವೇ? ಅದೂ ಇಲ್ಲ. ಕಾಂಪೌಂಡ್‌ನ ಎರಡನೇ ಆವೃತ್ತಿಯಲ್ಲಿ ಒಂದು ದೋಷವಿದೆ: ಯಾರೂ ಠೇವಣಿ ಇಡದ ಖಾಲಿ ಮಾರುಕಟ್ಟೆಯಲ್ಲಿ ವಿನಿಮಯ ದರವನ್ನು ತಿರುಚಿ, ಸಣ್ಣ ಅಡಮಾನಕ್ಕೆ ಭಾರಿ ಸಾಲ ಪಡೆಯಬಹುದು. ಅದರ ನಕಲಾಗಿದ್ದ ಹಂಡ್ರೆಡ್ ಫೈನಾನ್ಸ್ 2023ರ ಏಪ್ರಿಲ್‌ನಲ್ಲಿ 70 ಲಕ್ಷ ಡಾಲರ್‌ಗೂ ಹೆಚ್ಚು ಕಳೆದುಕೊಂಡಾಗಲೇ ಇದು ಜಗಜ್ಜಾಹೀರಾಗಿತ್ತು. ಪರಿಹಾರವೂ ಸರಳ. ಹೊಸ ಮಾರುಕಟ್ಟೆ ತೆರೆದ ಕೂಡಲೇ ತಾವೇ ಒಂದಿಷ್ಟು ಠೇವಣಿ ಇಟ್ಟು, ಆಮೇಲೆ ಸಾಲಕ್ಕೆ ಅನುಮತಿ ಕೊಡಬೇಕು.

ಮತ್ತೊಂದು ನಕಲಾದ ಸೋನೆ ಫೈನಾನ್ಸ್‌ನವರಿಗೆ ಇದು ಗೊತ್ತಿತ್ತು. 2024ರ ಮೇನಲ್ಲಿ ಹೊಸ ಮಾರುಕಟ್ಟೆ ತೆರೆಯುವ ಆದೇಶಗಳನ್ನು ಅವರು ಎರಡು ದಿನದ ಕಾಯುವಿಕೆಯ ಸರದಿಗೆ ಹಾಕಿದ್ದರು. ಅವಧಿ ಮುಗಿದ ಮೇಲೆ ಆ ಆದೇಶಗಳನ್ನು ಯಾರು ಬೇಕಾದರೂ ಜಾರಿಗೊಳಿಸಬಹುದಿತ್ತು. ದಾಳಿಕೋರ ಕಾದು ಕುಳಿತಿದ್ದ. ಠೇವಣಿ ಬೀಳುವ ಮೊದಲೇ ಮಾರುಕಟ್ಟೆ ತೆರೆದು, ಸಾಲಕ್ಕೂ ತಾನೇ ಅನುಮತಿ ಚಲಾಯಿಸಿ ಸುಮಾರು 2 ಕೋಟಿ ಡಾಲರ್ ಬಾಚಿಕೊಂಡ. ಬೇರೊಬ್ಬರು ಅದೇ ಮಾರುಕಟ್ಟೆಗೆ ತುಸು ಟೋಕನ್ ಹಾಕಿದ್ದರಿಂದ ಇನ್ನೂ 65 ಲಕ್ಷ ಡಾಲರ್ ಉಳಿಯಿತು. ಕೋಡ್‌ನ ಒಂದಕ್ಷರ ಬದಲಿಸದೆಯೂ ಕಂಪನಿ ಮುಳುಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಇವೆರಡರಲ್ಲಿ ಟೆಂಪ್ಲೇಟ್ ಒಳ್ಳೆಯ ಮೂಲದಿಂದಲೇ ಬಂದಿತ್ತು. ಟೆಂಪ್ಲೇಟೇ ಬಲೆಯಾಗಿರುವ ಇನ್ನೊಂದು ಬಗೆ ನಮ್ಮ ಟೆಕ್ಕಿಗಳಿಗೆ ಹೆಚ್ಚು ಹತ್ತಿರದ್ದು. ಲಿಂಕ್ಡ್‌ಇನ್‌ನಲ್ಲಿ ಒಬ್ಬ ನೇಮಕಾತಿ ಅಧಿಕಾರಿ ಸಂಪರ್ಕಿಸುತ್ತಾನೆ. ಸಂಬಳ ಡಾಲರ್‌ನಲ್ಲಿ, ಕೆಲಸ ಮನೆಯಿಂದಲೇ. ಪರೀಕ್ಷೆಗೆಂದು ಗಿಟ್‌ಹಬ್‌ನಲ್ಲಿರುವ ಒಂದು ಪ್ರಾಜೆಕ್ಟ್ ಇಳಿಸಿಕೊಂಡು ಚಾಲೂ ಮಾಡಲು ಹೇಳುತ್ತಾನೆ. ಎನ್‌ಪಿಎಂ ಇನ್‌ಸ್ಟಾಲ್ ಎಂದು ಟೈಪಿಸಿದರೆ ಪ್ಯಾಕೇಜ್‌ಗಳ ಜತೆಗಿರುವ ಸ್ಕ್ರಿಪ್ಟ್‌ಗಳೂ ಸಾಮಾನ್ಯವಾಗಿ ತಾವಾಗಿಯೇ ಓಡುತ್ತವೆ. ಅಭ್ಯರ್ಥಿ ಕೋಡ್ ಓದುವಷ್ಟರಲ್ಲಿ ಬ್ರೌಸರ್‌ನಲ್ಲಿದ್ದ ಪಾಸ್‌ವರ್ಡ್, ವ್ಯಾಲೆಟ್ ಕೀ ಎಲ್ಲವೂ ಹೋಗಿರಬಹುದು. ಉತ್ತರ ಕೊರಿಯಾ ನಂಟಿನ ಗುಂಪಿನ ಈ ಕಾರ್ಯಾಚರಣೆಯನ್ನು ಪಾಲೊ ಆಲ್ಟೊ ನೆಟ್‌ವರ್ಕ್ಸ್‌ನ ಸಂಶೋಧಕರು 2023ರ ನವೆಂಬರ್‌ನಲ್ಲೇ ಬಯಲಿಗೆಳೆದಿದ್ದರು. ಅದಿನ್ನೂ ನಿಂತಿಲ್ಲ.

ಬೆಂಗಳೂರಿಗೂ ಇಂಥ ಬಿಸಿ ತಟ್ಟಿದೆ. 2025ರ ಜುಲೈನಲ್ಲಿ ಕ್ರಿಪ್ಟೋ ವಿನಿಮಯ ಸಂಸ್ಥೆ ಕಾಯಿನ್‌ಡಿಸಿಎಕ್ಸ್ ಸುಮಾರು 4.4 ಕೋಟಿ ಡಾಲರ್ ಕಳೆದುಕೊಂಡಿತು. ಗ್ರಾಹಕರ ಹಣಕ್ಕೆ ಧಕ್ಕೆಯಾಗಿಲ್ಲ ಎಂದು ಸಂಸ್ಥೆ ಹೇಳಿತು. ಬೆಂಗಳೂರು ಪೊಲೀಸರು ಅಲ್ಲಿನ ಎಂಜಿನಿಯರ್ ಒಬ್ಬರನ್ನು ಬಂಧಿಸಿದರು. ಕಚೇರಿಯ ಲ್ಯಾಪ್‌ಟಾಪ್‌ನಲ್ಲೇ ಅಪರಿಚಿತರಿಗೆ ಅರೆಕಾಲಿಕ ಕೆಲಸ ಮಾಡಿಕೊಟ್ಟಿದ್ದರು ಎಂಬ ಅಂಶ ತನಿಖೆಯಲ್ಲಿ ಕೇಳಿಬಂತು. ಅದು ಸ್ಮಾರ್ಟ್ ಕಾಂಟ್ರ್ಯಾಕ್ಟ್‌ನ ದೋಷವಲ್ಲ. ಆದರೆ ಹೊರಗಿನ ಕೆಲಸದ ಆಮಿಷ ಎಲ್ಲಿಗೆ ಮುಟ್ಟಿಸಬಹುದು ಎಂಬುದನ್ನು ತೋರಿಸಿತು. ಬಂಧನದ ಭೀತಿ ಎದುರಿಸಬೇಕಾದದ್ದು ಸಂಬಳದ ನೌಕರ, ಕದ್ದವರಲ್ಲ.

ಮಾಡಬೇಕಾದದ್ದು ದೊಡ್ಡದೇನಲ್ಲ. ಅಪರಿಚಿತರ ಪ್ರಾಜೆಕ್ಟ್ ಅನ್ನು ವ್ಯಾಲೆಟ್ ಇಲ್ಲದ ಬೇರೆ ಯಂತ್ರದಲ್ಲೇ ತೆರೆಯಬೇಕು. ಇನ್‌ಸ್ಟಾಲ್ ವೇಳೆ ಸ್ಕ್ರಿಪ್ಟ್ ಓಡದಂತೆ ತಡೆಯುವ ಆಯ್ಕೆ ಎನ್‌ಪಿಎಂನಲ್ಲೇ ಇದೆ. ಹಾರ್ಡ್‌ಹ್ಯಾಟ್ ಕೊಡುವ ಪರೀಕ್ಷಾ ಖಾತೆಗಳ ಕೀ ಜಗತ್ತಿಗೆಲ್ಲ ಗೊತ್ತು. ಅವುಗಳಿಗೆ ಅಸಲಿ ಹಣ ಹಾಕಿದರೆ ಬಾಟ್‌ಗಳು ಕ್ಷಣದಲ್ಲಿ ಗುಡಿಸಿಬಿಡುತ್ತವೆ. ಮೂಲ ಕೋಡ್‌ಗೂ ತಮ್ಮ ಕೋಡ್‌ಗೂ ಇರುವ ವ್ಯತ್ಯಾಸವನ್ನು ಸಾಲುಸಾಲಾಗಿ ಪ್ರಕಟಿಸುವ ಪದ್ಧತಿ ಬಂದರೆ ಹೂಡಿಕೆದಾರರಿಗೂ ಅನುಕೂಲ. 'ಆಡಿಟ್ ಆಗಿರುವ ಕೋಡ್' ಎಂಬ ಜಾಹೀರಾತಿನಲ್ಲಿ ಆಡಿಟ್ ಆಗಿದ್ದು ಮೂಲದ್ದೋ ನಕಲಿನದ್ದೋ ಎಂದು ಯಾರೂ ಕೇಳುತ್ತಿಲ್ಲ.

ಹೂಡಿಕೆದಾರರು ಕೇಳಲೇಬೇಕು. ಭಾರತದಲ್ಲಿ ಕ್ರಿಪ್ಟೋ ಲಾಭದ ಮೇಲೆ 2022ರ ಏಪ್ರಿಲ್‌ನಿಂದ ಶೇ 30 ತೆರಿಗೆ ಇದೆ, ಅದೇ ಜುಲೈನಿಂದ ಶೇ 1ರ ಟಿಡಿಎಸ್ ಕೂಡ. ಆದರೆ ಕ್ರಿಪ್ಟೋದಲ್ಲಿ ಆದ ನಷ್ಟವನ್ನು ಬೇರೆ ಯಾವ ಆದಾಯದ ಎದುರಿಗೂ ಹೊಂದಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ.