ಸೊಲ್ಲು ಹಿಡಿದವರ ಹೆಸರೆಲ್ಲಿ?

ಕಳೆದ ನವೆಂಬರಿನಲ್ಲಿ ಗುರುಗ್ರಾಮದ ನಮ್ಮ ಕಡೆಯ ಕನ್ನಡ ಬಳಗವೊಂದು ರಾಜ್ಯೋತ್ಸವ ಆಚರಿಸಿತು. ಕಾರ್ಯಕ್ರಮ ಪತ್ರಿಕೆ ನಾಲ್ಕು ಪುಟದ್ದು. ಒಂದೂವರೆ ಪುಟ ಫ್ಲ್ಯಾಟು ಕಟ್ಟಿ ಮಾರುವವರ ಜಾಹೀರಾತಿಗೆ ಹೋಗಿತ್ತು; ಒಂದು ಪುಟದ ತುಂಬ ಪದಾಧಿಕಾರಿಗಳ ಹೆಸರು, ಹುದ್ದೆ, ಭಾವಚಿತ್ರ. ಮಕ್ಕಳು ಹಾಡಿದ ‘ಮೂಡಲ್ ಕುಣಿಗಲ್ ಕೆರೆ’ಯ ಮುಂದೆ ‘ಕಾಳಿಂಗರಾಯರ ಧಾಟಿಯಲ್ಲಿ’ ಎಂದಷ್ಟೇ ಅಚ್ಚಾಗಿತ್ತು. ನಾನು ಬರೆದುಕೊಟ್ಟಿದ್ದುದು ಮೂರು ಹೆಸರು. ಉಳಿದೆರಡು ಎಲ್ಲಿ ಹೋದವು ಎಂದು ವಿಚಾರಿಸಿದರೆ, ‘ಜಾಗ ಸಾಲಲಿಲ್ಲ ಸ್ವಾಮಿ’ ಎಂಬ ಉತ್ತರ ಬಂತು.

ಈ ಉತ್ತರದ ಮೇಲೆಯೇ ನನ್ನ ತಕರಾರು.

ನನ್ನ ಯೋಗ್ಯತೆಯನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಸಂಗೀತಜ್ಞನಲ್ಲ. ಬಿ.ಎಸ್‌ಸಿ. ಓದಿ, ಇಪ್ಪತ್ತು ವರ್ಷದಿಂದ ದಿಲ್ಲಿಯಲ್ಲಿ ಕೇಂದ್ರ ಸರ್ಕಾರದ ಫೈಲು ತಿರುವುತ್ತಿರುವ ಗುಮಾಸ್ತ. ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ನನ್ನ ಸೋದರಮಾವ ತೀರಿಕೊಂಡಾಗ, ಅವರ ಮಕ್ಕಳಿಗೆ ಬೇಡವಾದ ಟ್ರಂಕೊಂದು ನನ್ನ ಪಾಲಿಗೆ ಬಂತು. ಒಳಗೆ ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ಗ್ರಾಮಫೋನ್ ರೆಕಾರ್ಡುಗಳು. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಸೀಟಿನ ಕೆಳಗಿಟ್ಟು ತಂದೆ. ದಾರಿಯಲ್ಲಿ ಎರಡು ಒಡೆದವು. ‘ಇರುವ ಎರಡು ಕೋಣೆಗೆ ಇದೊಂದು ಕಡಮೆಯಾಗಿತ್ತು’ ಎಂದಳು ಮನೆಯಾಕೆ.

ಇಂಥ ಟ್ರಂಕು ಉಳ್ಳವರಿಗೆ ಒಂದು ಮಾತು. ಎಲ್.ಪಿ. ನುಡಿಸುವ ಮುಳ್ಳನ್ನು ಇವುಗಳ ಮೇಲೆ ಇಡಬೇಡಿ. 78ರ ಗೀರು ಸುಮಾರು ಮೂರು ಪಟ್ಟು ಅಗಲ. ಸಣ್ಣ ಮುಳ್ಳು ತಳಕ್ಕಿಳಿದು ಅಲ್ಲಿನ ಧೂಳನ್ನೇ ಉಜ್ಜುತ್ತದೆ, ಹಾಡಿಗಿಂತ ಕರಕರ ಸದ್ದೇ ಜಾಸ್ತಿಯಾಗುತ್ತದೆ. (ಪದವಿಗೆ ಓದಿದ ಭೌತಶಾಸ್ತ್ರ ನನಗೆ ಉಪಯೋಗಕ್ಕೆ ಬಂದದ್ದು ಇದೊಂದೇ ಸಲ.) ತಕ್ಕ ಮುಳ್ಳು ಹುಡುಕಲು ಹಳೆ ದಿಲ್ಲಿಯಲ್ಲಿ ಮೂರು ಭಾನುವಾರ ಅಲೆದೆ.

ನಾಲ್ಕನೆಯ ಭಾನುವಾರ ಕುಣಿಗಲ್ ಕೆರೆಯ ಹಾಡು ಹೊರಟಿತು. ಒಂದು ಮಗ್ಗುಲಿಗೆ ಮೂರೇ ನಿಮಿಷ. ರಾಯರು ಎದೆ ತುಂಬಿ ಸಾಲನ್ನು ಎತ್ತಿಕೊಡುತ್ತಾರೆ; ಎರಡು ಹೆಣ್ಣುದನಿಗಳು ಅದನ್ನು ಕೆಳಗೆ ಬೀಳಗೊಡದೆ ಹಿಡಿದುಕೊಳ್ಳುತ್ತವೆ. ಕಿವಿಯಿಂದ ಇಯರ್‌ಫೋನು ತೆಗೆಯದ ನನ್ನ ಮಗಳು ಅದನ್ನು ಕಿತ್ತಿಟ್ಟು ಹೊರಗೆ ಬಂದು, ‘ಅಪ್ಪಾ, ಇದು ಒಬ್ಬರ ಹಾಡಲ್ಲ, ಗ್ರೂಪು. ಯಾರ್‍ಯಾರು?’ ಎಂದಳು. ಅವಳಿಗೆ ಅಮೆರಿಕದ ಹಳೆಯ ಸೋಲ್ ಸಂಗೀತದ ಹುಚ್ಚು. ಡೆಟ್ರಾಯಿಟ್ ನಗರದ ‘ಫೋರ್ ಟಾಪ್ಸ್’ ಎಂಬ ನಾಲ್ವರು 1950ರ ದಶಕದಿಂದ, ಒಬ್ಬಾತ 1997ರಲ್ಲಿ ಸಾಯುವವರೆಗೆ, ಆಳು ಬದಲಾಯಿಸದೆ ಹಾಡಿದವರಂತೆ. ಮುಂದೆ ನಿಂತು ಹಾಡುತ್ತಿದ್ದವನು ಲೆವೈ ಸ್ಟಬ್ಸ್ ಒಬ್ಬನೇ ಆದರೂ ನಾಲ್ವರ ಹೆಸರನ್ನೂ ಅವಳು ಒಂದೇ ಉಸಿರಿನಲ್ಲಿ ಹೇಳುತ್ತಾಳೆ. ನಮ್ಮವರ ಹೆಸರು ಕೇಳಿದಾಗ ನಾನು ಬಾಯಿ ಬಿಡುತ್ತ ಕುಳಿತೆ. ರೆಕಾರ್ಡಿನ ಚೀಟಿ ಮಾಸಿಹೋಗಿತ್ತು.

ಕೊನೆಗೆ ಬೆಂಗಳೂರಿಗೆ, ಅತ್ತೆಗೆ ಫೋನು ಮಾಡಿದೆ. ‘ಮೋಹನಕುಮಾರಿ, ಸೋಹನಕುಮಾರಿ ಕಣೋ. ಅಕ್ಕತಂಗಿಯರು. ರಾಯರ ಜೊತೆ ಅವರಿಬ್ಬರೂ ಇಲ್ಲದಿದ್ದರೆ ನಿಮ್ಮ ಮಾವ ಕಚೇರಿಯಿಂದ ಎದ್ದು ಬಂದುಬಿಡ್ತಿದ್ದರು’ ಎಂದರು.

ಪಿ. ಕಾಳಿಂಗರಾಯರ ಹಿರಿಮೆಗೆ ನನ್ನ ಸರ್ಟಿಫಿಕೇಟು ಬೇಕಾಗಿಲ್ಲ. 1914ರಲ್ಲಿ ಉಡುಪಿ ಕಡೆಯ ಆರೂರಿನಲ್ಲಿ ಹುಟ್ಟಿ, 1981ರಲ್ಲಿ ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದ ಆ ಪುಣ್ಯಾತ್ಮರು ಪುಸ್ತಕದೊಳಗಿದ್ದ ಕವಿತೆಯನ್ನೂ ಹೊಲಗದ್ದೆಯ ಪದವನ್ನೂ ಗಣೇಶನ ಪೆಂಡಾಲಿಗೆ ತಂದವರು. ಮೈಸೂರು ಅನಂತಸ್ವಾಮಿ, ಅಶ್ವತ್ಥ್ ಅವರು ನಡೆದ ದಾರಿಯನ್ನು ಮೊದಲು ಸವೆಸಿದವರು. ಆದರೆ ಆ ದಾರಿಯಲ್ಲಿ ಅವರು ಒಬ್ಬರೇ ನಡೆಯಲಿಲ್ಲವಲ್ಲ! ಜನಪದ ಹಾಡು ಬಲ್ಲವರನ್ನು ಕೇಳಿ: ಸೊಲ್ಲು ಹಿಡಿಯುವವರಿಲ್ಲದೆ ಪದ ನಿಲ್ಲುವುದಿಲ್ಲ.

‘ಹಿಂದೆ ಹಾಡುವವರ ಹೆಸರನ್ನು ಯಾರು ಹಾಕುತ್ತಾರೆ, ಸಂಗಡಿಗರು ಅಂದರೆ ಸಾಲದೆ?’ ಎಂದು ಬಳಗದ ಹಿರಿಯರೊಬ್ಬರು ನನ್ನನ್ನು ಸಮಾಧಾನಪಡಿಸಿದರು. ಹಿಂದೆ ಎಂದು ಇವರಿಗೆ ಹೇಳಿದವರಾರು? ಆ ಮೂರು ನಿಮಿಷ ಕೇಳಿದ್ದರೆ ಹಾಗೆನ್ನುತ್ತಿರಲಿಲ್ಲ. ಕಚೇರಿಯಲ್ಲಿ ಟಿಪ್ಪಣಿ ಬರೆಯುವವನು ನಾನು, ರುಜು ಹಾಕುವವರು ಮೇಲಿನವರು. ಆದರೂ ಸರ್ಕಾರದ ಫೈಲಿನಲ್ಲಿ ಕೂಡ ನನ್ನ ಪುಟ್ಟ ಸಹಿಗೆ ಎಡಗಡೆ ಜಾಗವಿದೆ. ಕನ್ನಡ ಬಳಗದ ಹಾಳೆ ಸರ್ಕಾರದ ಫೈಲಿಗಿಂತ ಕಡೆಯಾಗಬೇಕೆ? ಅದೇ ವೇದಿಕೆಯಿಂದ ಅದೇ ಸಂಜೆ ‘ಕನ್ನಡದ ಹೆಣ್ಣುಮಕ್ಕಳ ಕೊಡುಗೆ’ ಎಂದು ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ಭಾಷಣ ಮಾಡಿದರು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ.

ಊರಿನಲ್ಲಿರುವವರು ಮರೆತರೆ ಅಕ್ಕಪಕ್ಕದಲ್ಲಿ ನೆನಪಿಸುವ ಒಬ್ಬ ಮುದುಕಿಯಾದರೂ ಇದ್ದಾಳು. ಇಲ್ಲಿ ನಮ್ಮ ಮಕ್ಕಳಿಗೆ ಆ ಹಾಳೆಯಲ್ಲಿ ಏನು ಅಚ್ಚಾಗುತ್ತದೋ ಅದೇ ಚರಿತ್ರೆ. ಕುಣಿಗಲ್ ಕೆರೆಯನ್ನೇ ನೋಡದ ನನ್ನ ಮಗಳಿಗೆ, ಆ ಕೆರೆಯ ಹಾಡು ಹಾಡಿದ ಮೂವರಲ್ಲಿ ಇಬ್ಬರಿಗೆ ಹೆಸರಿಲ್ಲ ಎಂದು ಯಾವ ಬಾಯಿಂದ ಹೇಳಲಿ?

ರೆಕಾರ್ಡುಗಳನ್ನು ಕಂಪ್ಯೂಟರಿಗೆ ಇಳಿಸಿದ್ದೇನೆ. ಕೇಳಬೇಕೆನ್ನುವವರು ಭಾನುವಾರ ಬರಬಹುದು, ಕಾಫಿ ಮನೆಯಾಕೆಯ ಹೊಣೆ. ಬರುವ ನವೆಂಬರಿನ ಪತ್ರಿಕೆಗಾಗಿ ಮೂರು ಹೆಸರನ್ನೂ ದಪ್ಪ ಅಕ್ಷರದಲ್ಲಿ ಬರೆದು ಕಾರ್ಯದರ್ಶಿಗಳಿಗೆ ಈಗಲೇ ತಲುಪಿಸಿದ್ದೇನೆ. ನಕಲಿನ ಮೇಲೆ ‘ಮುಟ್ಟಿದೆ’ ಎಂದು ಅವರ ಸಹಿಯನ್ನೂ ಪಡೆದು ಇಟ್ಟುಕೊಂಡಿದ್ದೇನೆ. ಗುಮಾಸ್ತನ ಅಭ್ಯಾಸ.